ಅಪ್‌ಡೇಟ್: ಆ ವೈರ್ ಇರೋ ಗೇರ್ ನಾಬ್ ಏನಂತ ಗೊತ್ತಾಯ್ತು!

ಹೋದ ವಾರ ಕೇಳಿದ್ನಲ್ಲ, ಇಲ್ಲಿ ಇಂಗ್ಲೆಂಡಲ್ಲಿ ಹಳೇ ಪಾರ್ಟ್ಸ್ ಸಂತೇಲಿ ಸಿಕ್ಕಿದ ಕಪ್ಪು ಗೇರ್ ನಾಬು, ಮೇಲೊಂದು ಚಿಕ್ಕ ಸ್ವಿಚ್ಚು, ಕೆಳಗೆ ಎರಡು ವೈರು ಜೋತಾಡ್ತಿತ್ತು, ನಾನಂತೂ ಹಾರ್ನ್ ಸ್ವಿಚ್ಚೇ ಅಂದ್ಕೊಂಡಿದ್ದೆ. ಅಲ್ವಂತೆ. ಅದು ಎಂಜಿಬಿ ಅನ್ನೋ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಓವರ್‌ಡ್ರೈವ್ (ಇಂಜಿನ್ ನಿಧಾನ ತಿರುಗೋ ಹಾಗೆ ಮಾಡೋ ಹೆಚ್ಚುವರಿ ಗೇರ್) ಸ್ವಿಚ್ಚು, 1977ರ ಮಾಡೆಲಿಂದ ಅದನ್ನ ಗೇರ್ ನಾಬ್ ಒಳಗೇ ಕೂರಿಸಿದ್ರಂತೆ. "ಓವರ್‌ಡ್ರೈವ್ ಇರ್ಬೇಕು ನೋಡಿ" ಅಂದವ್ರಿಗೆ ದೊಡ್ಡ ಥ್ಯಾಂಕ್ಸ್, ನೀವೇ ಸರಿ.

ಕೆಲಸ ಮಾಡೋ ರೀತಿ ಮಜಾ ಇದೆ. ವೈರುಗಳು ಟೊಳ್ಳು ಗೇರ್ ಲಿವರ್ ಒಳಗಿಂದಾನೇ ಇಳೀತವೆ, ಟಾಪ್ ಗೇರಲ್ಲಿ ಇದ್ದಾಗ ಸ್ವಿಚ್ ಒತ್ತಿದ್ರೆ ಗೇರ್‌ಬಾಕ್ಸ್ ಹಿಂದೆ ಇರೋ ಲೇಕಾಕ್ ಕಂಪನಿಯ ಓವರ್‌ಡ್ರೈವ್ ಯೂನಿಟ್ಟಿನ ಸೊಲೆನಾಯ್ಡ್‌ಗೆ (ಕರೆಂಟಿಂದ ಕೆಲಸ ಮಾಡೋ ಅಯಸ್ಕಾಂತಕ್ಕೆ) ಕರೆಂಟ್ ಹೋಗಿ, ಆಯಿಲ್ ಪ್ರೆಶರಿಂದ ಒಳಗಿನ ಕ್ಲಚ್ ಸರಿದು ಓವರ್‌ಡ್ರೈವ್ ಬೀಳತ್ತೆ, ರೇಶಿಯೋ 0.82, ಅಂದ್ರೆ ಅದೇ ಸ್ಪೀಡಿಗೆ ಇಂಜಿನ್ ಸುಮಾರು 18% ನಿಧಾನ ತಿರುಗತ್ತೆ. ನಾಲ್ಕೇ ಗೇರಿನ ಕಾರಿಗೆ ಐದನೇದು ಸಿಕ್ಕಂಗೆ, ಕ್ಲಚ್ ತುಳಿಯೋ ಗೋಜೂ ಇಲ್ಲ!

ಮೀಟರ್ ಹಿಡಿದು ನೋಡ್ದೆ, ಸ್ವಿಚ್ ಇನ್ನೂ ಜೀವಂತ, ಒಂದು ವೈರ್ ಮಾತ್ರ ಬುಡದಲ್ಲಿ ಸವೆದು ತಾಮ್ರ ಕಾಣ್ತಿತ್ತು, ಬೆಸುಗೆ ಹಾಕಿ ಸ್ಲೀವ್ ಏರಿಸಿದೀನಿ. ಈಗಿರೋ ಪ್ರಾಬ್ಲಮ್ ಒಂದೇ, ನಾಬ್ ಇದೆ, ಕಾರಿಲ್ಲ. ಹೆಂಡ್ತಿಗೆ ಇನ್ನೂ ಹೇಳಿಲ್ಲ, ಆದ್ರೆ ಗ್ಯಾರೇಜ್ ಅಳತೆ ತಗೊಂಡಾಯ್ತು.