ಸ್ಪ್ಯಾನಿಶ್‌ನಲ್ಲಿ 'ಎಲ್ಲಾ ಚೆನ್ನಾಗಿ ನಡೀತಿದೆ' ಅನ್ನೋದು ಹೇಗೆ?

ಕಲಿಕೆಗಾರ:
ಸ್ಪ್ಯಾನಿಶ್ ಕಲಿಯೋಕೆ ಶುರು ಮಾಡಿ ನಾಲ್ಕು ತಿಂಗಳಾಯ್ತು. ಮ್ಯಾಡ್ರಿಡ್‌ನ ಸಹೋದ್ಯೋಗಿ ಕಾಲ್‌ನಲ್ಲಿ ದಿನಾ 'ಕೋಮೋ ಬಾ?' (ಹೇಗೆ ನಡೀತಿದೆ?) ಅಂತ ಕೇಳ್ತಾರೆ, ನಾನು ದಿನಾ 'ಮುಯ್ ಬಿಯೆನ್' (ತುಂಬಾ ಚೆನ್ನಾಗಿ) ಅಂತೀನಿ. ಗಿಳಿಪಾಠ ಒಪ್ಪಿಸಿದ ಹಾಗಿದೆ. ಕೆಲಸ ಸರಿಯಾಗಿ ಸಾಗ್ತಿದೆ ಅನ್ನೋಕೆ ಅಲ್ಲಿನವರು ಏನಂತಾರೆ?

ಹಳೇ ಹುಲಿ:
ಮೊದಲು 'ಬಾ ಬಿಯೆನ್' (ಚೆನ್ನಾಗಿ ನಡೀತಿದೆ) ಸಾಕು, ಅದನ್ನ ಕಡೆಗಣಿಸಬೇಡಿ. ಇದರಲ್ಲಿನ 'ಬಾ' ಬರೆಯೋದು ವಿ ಅಕ್ಷರದಲ್ಲಿ, ಕೇಳಿಸೋದು 'ಬ'. ಇದು 'ಹೋಗು' ಅನ್ನೋ ಕ್ರಿಯಾಪದ, ನಮ್ಮ 'ಹೇಗೆ ಹೋಗ್ತಿದೆ' ಇದ್ದ ಹಾಗೇ, ಅದಕ್ಕೇ ಬೇಗ ಬಾಯಿಗೆ ಬರುತ್ತೆ. ಸ್ವಲ್ಪ ಬಣ್ಣ ಬೇಕಂದ್ರೆ 'ಬಾ ಸೋಬ್ರೆ ರುಯೇದಾಸ್', ಅಂದ್ರೆ ಚಕ್ರದ ಮೇಲೆ ಹೋಗ್ತಿದೆ. 'ಬಾ ಕೋಮೋ ಲಾ ಸೇದಾ' ಅಂದ್ರೆ ರೇಷ್ಮೆ ಥರ. ನಮ್ಮ 'ಹೂ ಎತ್ತಿದ ಹಾಗೆ' ಇದಕ್ಕೆ ಹತ್ತಿರ. 'ಬಿಯೆಂತೋ ಎನ್ ಪೋಪಾ' ಹಡಗಿನ ಮಾತು, ಗಾಳಿ ಹಿಂದಿನಿಂದ ಬೀಸಿದ್ರೆ ಹಾಯಿ ಹಡಗು ಸರ್ರಂತ ಮುಂದೆ ಹೋಗುತ್ತಲ್ಲ, ಹಾಗೆ. ವ್ಯಾಪಾರ, ದೊಡ್ಡ ಪ್ರಾಜೆಕ್ಟಿಗೆ ಒಪ್ಪುತ್ತೆ. ಒಂದು ಇಮೇಲ್ ಕಳಿಸಿದ್ದಕ್ಕೆಲ್ಲ ಹೇಳಿದ್ರೆ ಜಾಸ್ತಿ ಆಯ್ತು.

ಸುಮ್ನೆ ಬಂದೆ:
ಒಂದು ಎಚ್ಚರಿಕೆ. ನಿಮ್ಮ ಬಗ್ಗೆ ಹೇಳುವಾಗ 'ಎಸ್ತೋಯ್ ಬಿಯೆನ್' (ಚೆನ್ನಾಗಿದೀನಿ) ಅನ್ನಿ, 'ಎಸ್ತೋಯ್ ಬುಯೆನೋ' ಬೇಡ. ಎರಡನೆಯದು ಸ್ಪೇನ್‌ನಲ್ಲಿ 'ನಾನು ಸಖತ್ ಸೆಕ್ಸಿ' ಅಂದ ಹಾಗೆ ಕೇಳಿಸುತ್ತೆ. ನಾನು ಮೀಟಿಂಗ್‌ನಲ್ಲೇ ಹೇಳಿದ್ದೆ. ಕ್ಯಾಮೆರಾ ಆನ್ ಇತ್ತು.

ಕಲಿಕೆಗಾರ:
ಅಯ್ಯೋ! ನಿನ್ನೆ ತಾನೇ ಹೇಳಿದ್ದೆ, ಅದಕ್ಕೇ ನಕ್ಕಿದ್ದು ಅವರು. ಇರಲಿ, ಅವರೇ ಒಮ್ಮೊಮ್ಮೆ 'ತಿರಾಂದೋ' ಅಂತಾರಲ್ಲ, ಅದೂ ಇದೇನಾ?

ಹಳೇ ಹುಲಿ:
ಅಲ್ಲ. ಅದು 'ಏನೋ ಎಳ್ಕೊಂಡು ಹೋಗ್ತಿದೀವಿ'. ತೀರಾ ಕೆಟ್ಟದಲ್ಲ, ಖುಷಿಯೂ ಇಲ್ಲ. ಹಾಗಂದವರಿಗೆ 'ವಾವ್, ಸೂಪರ್' ಅನ್ನೋಕೆ ಹೋಗಬೇಡಿ.

ದೂರದ ಓದುಗ:
ಅಟ್ಲಾಂಟಿಕ್ ದಾಟಿದ್ರೆ ಮಾತು ಬದಲಾಗುತ್ತೆ. ಅರ್ಜೆಂಟೀನಾದಲ್ಲಿ 'ಬಾರ್ಬರೋ' ಅಂದ್ರೆ 'ಸೂಪರ್', ಪದದ ಮೂಲ ಅರ್ಥ ಮಾತ್ರ ಅನಾಗರಿಕ! ಕೊಲಂಬಿಯಾ, ವೆನೆಜುವೆಲಾದಲ್ಲಿ ಅದೇ 'ಸೂಪರ್'ಗೆ 'ಚೇಬೆರೆ'. ಕೋಸ್ಟಾರಿಕಾದವರು 'ಹೇಗಿದ್ದೀರಿ'ಗೂ 'ಪೂರಾ ಬೀದಾ' (ಪದಶಃ 'ಶುದ್ಧ ಜೀವನ'), ಥ್ಯಾಂಕ್ಸಿಗೂ ಅದೇ, ಹೊರಡುವಾಗಲೂ ಅದೇ. ಮ್ಯಾಡ್ರಿಡ್‌ನವರ ಹತ್ರ ಅದನ್ನ ಹೇಳಿದ್ರೆ ಅರ್ಥವೇನೋ ಆಗುತ್ತೆ, ಆದ್ರೆ ಕೋಸ್ಟಾರಿಕಾ ಟ್ರಿಪ್ ಯಾವಾಗ ಮುಗೀತು ಅಂತ ಕೇಳ್ತಾರೆ.

ಕಲಿಕೆಗಾರ:
ಸರಿ, ನಾಳೆ 'ಸೋಬ್ರೆ ರುಯೇದಾಸ್' ಪ್ರಯೋಗ. ಸಾಫ್ಟ್‌ವೇರ್ ಬಿಲ್ಡ್ ಫೇಲ್ ಆಗದೇ ಇದ್ರೆ.