ಪ್ರಾದೇಶಿಕ ಬಸ್ ಜಾಲತಾಣದ ಮರುವಿನ್ಯಾಸ: ಮುಖಪುಟದಲ್ಲಿ ಮೊದಲು ಏನಿರಬೇಕು?

ಪ್ರಶ್ನೆ (ಮಾರ್ಗಫಲಕ):

ಎಲ್ಲರಿಗೂ ನಮಸ್ಕಾರ. ಕೆಲವು ಜಿಲ್ಲೆಗಳಿಗೆ ಬಸ್ ಓಡಿಸುವ ಸಾರಿಗೆ ಸಂಸ್ಥೆಯೊಂದರ ಜಾಲತಾಣವನ್ನು ಹೊಸದಾಗಿ ರೂಪಿಸುವ ಕೆಲಸ ನಮ್ಮ ಚಿಕ್ಕ ತಂಡಕ್ಕೆ ಬಂದಿದೆ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಈಗಿನ ತಾಣವನ್ನು ಮೊಬೈಲಿನಲ್ಲಿ ತೆರೆದರೆ ಮೊದಲು ಉದ್ಘಾಟನೆಯ ಚಿತ್ರಗಳು, ಆಮೇಲೆ ಟೆಂಡರ್ ಪ್ರಕಟಣೆಗಳು, ಮತ್ತೂ ಕೆಳಗಿಳಿದರೆ ‘ವೇಳಾಪಟ್ಟಿ’ ಎಂಬ ಕೊಂಡಿ. ಅದನ್ನು ಒತ್ತಿದರೆ ಘಟಕವಾರು ಪಿಡಿಎಫ್‌ಗಳ ಪಟ್ಟಿ ಬರುತ್ತದೆ. ತನ್ನೂರಿಗೆ ಹೋಗುವ ಬಸ್ಸು ಯಾವ ಡಿಪೋದ್ದೆಂದು ಪ್ರಯಾಣಿಕನಿಗೆ ಹೇಗೆ ತಿಳಿಯಬೇಕು? ಸಾಲದ್ದಕ್ಕೆ ಆ ಪಿಡಿಎಫ್‌ಗಳಲ್ಲಿರುವುದು ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟ್. ಕಣ್ಣಿಗೆ ‘ಕೊಪ್ಪಳ’ ಎಂದು ಕಂಡರೂ ಯಂತ್ರದ ಪಾಲಿಗೆ ಅದು ರೋಮನ್ ಅಕ್ಷರಗಳ ಗೊಂದಲ. ಊರಿನ ಹೆಸರು ಬರೆದು ಹುಡುಕಿದರೆ ಏನೂ ಸಿಗುವುದಿಲ್ಲ.

‘ಎಲ್ಲಿಂದ, ಎಲ್ಲಿಗೆ’ ಎಂಬ ಎರಡು ಖಾನೆಗಳನ್ನು ಮುಖಪುಟದ ನೆತ್ತಿಯ ಮೇಲಿಟ್ಟು ಉಳಿದದ್ದನ್ನೆಲ್ಲ ಒಳಪುಟಗಳಿಗೆ ಸರಿಸಬೇಕೆಂಬುದು ನನ್ನ ಅಭಿಪ್ರಾಯ. ಚಿತ್ರಗಳನ್ನು ಕೆಳಗಿಳಿಸಲು ಮೇಲಧಿಕಾರಿಗಳಿಗೆ ಮನಸ್ಸಿಲ್ಲ. ಪ್ರಯಾಣಿಕರು ನಿಜವಾಗಿ ಏನನ್ನು ಹುಡುಕುತ್ತಾರೆ, ಊರ ಹೆಸರುಗಳ ಕಾಗುಣಿತವನ್ನು ಹೇಗೆ ನಿಭಾಯಿಸಬೇಕು ಎಂಬುದನ್ನು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 (ಅಂಕಣ ಐದು):

ನಾನು ನಿವೃತ್ತ ಸಂಚಾರ ನಿಯಂತ್ರಕ. ವಿಚಾರಣೆ ಕಿಟಕಿಯಲ್ಲಿ ಕುಳಿತಷ್ಟೂ ವರ್ಷ ಮಾರ್ಗದ ಸಂಖ್ಯೆ ಹೇಳಿ ಪ್ರಶ್ನೆ ಕೇಳಿದವರನ್ನು ನಾನು ಕಂಡಿಲ್ಲ. ‘ಮುಂದಿನ ಬಸ್ ಎಷ್ಟೊತ್ತಿಗೆ, ಯಾವ ಅಂಕಣ, ಕೊನೇ ಬಸ್ ಹೋಯಿತೇ’ ಎಂಬ ಮೂರೇ ಪ್ರಶ್ನೆಗಳು ಬೆಳಗಿನಿಂದ ರಾತ್ರಿಯವರೆಗೆ ಸುತ್ತಿ ಸುತ್ತಿ ಬರುತ್ತಿದ್ದವು. ಆದ್ದರಿಂದ ಹುಡುಕಾಟದ ಫಲಿತಾಂಶದಲ್ಲಿ ದಿನದ ಎಲ್ಲ ಬಸ್ಸುಗಳನ್ನು ಸುರಿಯಬೇಡಿ. ಈಗಿನಿಂದ ಮುಂದಿನ ಮೂರನ್ನು ತೋರಿಸಿ, ಕೊನೆಯ ಬಸ್ಸಿನ ವೇಳೆಯನ್ನು ಪ್ರತ್ಯೇಕವಾಗಿ ಕಾಣಿಸಿ.

2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಈ ಸಾಲಿಗೆ ನಾಲ್ಕನೆಯ ಪ್ರಶ್ನೆಯೊಂದು ಸೇರಿದೆ: ‘ಈ ಬಸ್ಸಿನಲ್ಲಿ ಆಧಾರ್ ನಡೆಯುತ್ತದೆಯೇ?’ ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ನಡೆಯುತ್ತದೆ. ರಾಜಹಂಸದಲ್ಲಿ, ಹವಾನಿಯಂತ್ರಿತ ಬಸ್ಸುಗಳಲ್ಲಿ, ಅಂತರರಾಜ್ಯ ಬಸ್ಸುಗಳಲ್ಲಿ ನಡೆಯುವುದಿಲ್ಲ. ಇದು ಪ್ರತಿ ಬಸ್ಸಿನ ಸಾಲಿನಲ್ಲೇ ಬರೆದಿರಬೇಕು. ನಿಯಮಾವಳಿಯ ಪುಟದಲ್ಲಿದ್ದರೆ ಬಸ್ ಹತ್ತಿ ಇಳಿಯಬೇಕಾದ ಹೆಂಗಸಿಗೆ ಅದರಿಂದೇನು ಪ್ರಯೋಜನ?

ನಿಲ್ದಾಣದ ಹೆಸರಿನಲ್ಲೂ ಎಚ್ಚರವಿರಲಿ. ಹುಬ್ಬಳ್ಳಿ ಎಂದಷ್ಟೇ ಬರೆದರೆ ಹಳೇ ಬಸ್ ನಿಲ್ದಾಣವೋ, ಗೋಕುಲ ರಸ್ತೆಯ ಹೊಸ ನಿಲ್ದಾಣವೋ, ನಗರ ಬಸ್ಸುಗಳ ನಿಲ್ದಾಣವಾದ ಸಿಬಿಟಿಯೋ ಎಂದು ಪರವೂರಿನವರಿಗೆ ತಿಳಿಯದು. ತಪ್ಪಾದ ನಿಲ್ದಾಣದಲ್ಲಿ ಚೀಲ ಹಿಡಿದು ನಿಂತವರನ್ನು ಆಟೋ ಹತ್ತಿಸಿ ಕಳಿಸುವುದೂ ನಮ್ಮ ಕೆಲಸದ ಭಾಗವೇ ಆಗಿತ್ತು.

ಉತ್ತರ 2 (ವಯಾ ಗದಗ):

ಹೆಸರುಗಳ ವಿಷಯಕ್ಕೆ ಬರುತ್ತೇನೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಅಧಿಕೃತವಾಗಿ ಬದಲಾದರೂ ಜನರ ಬೆರಳುಗಳು ಇನ್ನೂ ಬದಲಾಗಿಲ್ಲ. ಬೆಳಗಾವಿಯನ್ನು ಬೆಲ್ಗಾಂ ಎಂದು, ಕಲಬುರಗಿಯನ್ನು ಗುಲ್ಬರ್ಗಾ ಎಂದು, ವಿಜಯಪುರವನ್ನು ಬಿಜಾಪುರ ಎಂದು ಬರೆದು ಹುಡುಕುವವರಿಗೂ ಅದೇ ನಿಲ್ದಾಣ ಸಿಗಬೇಕು. ಇನ್ನೊಂದು ಸೂಕ್ಷ್ಮವಿದೆ. ಯೂನಿಕೋಡಿನಲ್ಲಿ ಏತ್ವದ ‘ೇ’ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಎಂಬ ಎರಡು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ‘ಬೇಲೂರು’ ಎಂಬುದು ಎರಡು ಬಗೆಯಲ್ಲೂ ಪರದೆಯ ಮೇಲೆ ಒಂದೇ ರೀತಿ ಕಾಣುತ್ತದೆ, ಆದರೆ ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರದಿದ್ದರೆ ‘ಬಸ್ಸುಗಳಿಲ್ಲ’ ಎಂಬ ಉತ್ತರ ಬರುತ್ತದೆ. ಕೋಲಾರದ ಓತ್ವಕ್ಕೂ ಇದೇ ಪಾಡು.

ನಡುರಾತ್ರಿಯ ಬಸ್ಸುಗಳದ್ದು ಬೇರೆಯೇ ಕಥೆ. ನಮ್ಮ ಸೋದರಮಾವ ಒಂದು ತಾಣದಲ್ಲಿ ‘14, ಶನಿವಾರ, 00:15’ ಎಂದಿದ್ದ ಟಿಕೆಟ್ ತೆಗೆದುಕೊಂಡು, ಶನಿವಾರ ರಾತ್ರಿ ಊಟ ಮುಗಿಸಿ ನಿಧಾನವಾಗಿ ನಿಲ್ದಾಣಕ್ಕೆ ಹೋದರು. ಬಸ್ಸು ಹಿಂದಿನ ರಾತ್ರಿಯೇ ಹೊರಟುಹೋಗಿತ್ತು. ತಪ್ಪು ಅವರದೆಂದು ಮನೆಮಂದಿಯೆಲ್ಲ ನಕ್ಕೆವು; ಈಗ ಯೋಚಿಸಿದರೆ ತಪ್ಪು ಆ ಬರಹದ್ದು. 2005ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನ ಸಾರಿಗೆ ಸಂಸ್ಥೆಯೂ ಗೂಗಲ್ಲೂ ಸೇರಿ ಆರಂಭಿಸಿದ, ಸಾರಿಗೆ ವೇಳಾಪಟ್ಟಿಯ ದತ್ತಾಂಶವನ್ನು ಬರೆದಿಡುವ ಜಿಟಿಎಫ್‌ಎಸ್ ಮಾದರಿಯಲ್ಲಿ, ಹಿಂದಿನ ದಿನದ ಸಂಚಾರಕ್ಕೆ ಸೇರಿದ ಇಂಥ ವೇಳೆಯನ್ನು 24:15:00 ಎಂದು ದಾಖಲಿಸಲು ಅವಕಾಶವಿದೆ. ದತ್ತಾಂಶದಲ್ಲಿ ಹಾಗಿರಲಿ, ಪರದೆಯಲ್ಲಿ ಮಾತ್ರ ‘ಶುಕ್ರವಾರ ರಾತ್ರಿ ಕಳೆದು 12:15’ ಎಂದು ಬರೆಯಿರಿ. ವೇಳಾಪಟ್ಟಿಯನ್ನು ಈ ಮಾದರಿಯಲ್ಲಿ ಸಿದ್ಧಪಡಿಸಿಕೊಂಡರೆ ನಿಮ್ಮ ತಾಣಕ್ಕೂ ಇತರ ನಕ್ಷೆ ಆ್ಯಪ್‌ಗಳಿಗೂ ಅದೇ ಕಡತ ಸಾಕಾಗುತ್ತದೆ.

ಉತ್ತರ 3 (ಕೇಳುಗ):

ನನಗೆ ಕಣ್ಣು ಕಾಣುವುದಿಲ್ಲ. ಪರದೆಯನ್ನು ಓದಿ ಹೇಳುವ ತಂತ್ರಾಂಶದಿಂದ ಇದನ್ನು ಬರೆಯುತ್ತಿದ್ದೇನೆ. ಕನ್ನಡ ಪುಟದ ಒಳಸಂಕೇತದಲ್ಲಿ ಭಾಷೆ ‘ಇಂಗ್ಲಿಷ್’ ಎಂದೇ ಉಳಿದಿದ್ದರೆ ನನ್ನ ತಂತ್ರಾಂಶ ಇಂಗ್ಲಿಷ್ ಧ್ವನಿಯಲ್ಲೇ ಓದಲು ಹೊರಟು, ಕನ್ನಡ ಬಂದಲ್ಲಿ ತೊದಲುತ್ತದೆ ಅಥವಾ ಸುಮ್ಮನಾಗುತ್ತದೆ. ಒಂದು ಪದದ ತಿದ್ದುಪಡಿಯಿಂದ ಇದು ಸರಿಹೋಗುತ್ತದೆ. ದರಪಟ್ಟಿಯನ್ನು ಚಿತ್ರವಾಗಿ ಹಾಕಿದರೆ ನನಗೆ ಅದು ಬರಿಯ ‘ಚಿತ್ರ’. ಆಸನಗಳ ನಕ್ಷೆಯಲ್ಲಿ ಮಹಿಳೆಯರ ಆಸನವನ್ನು ಗುಲಾಬಿ ಬಣ್ಣವೊಂದರಿಂದಲೇ ಸೂಚಿಸಿದರೆ ನನಗಷ್ಟೇ ಅಲ್ಲ, ಬಣ್ಣಗುರುಡು ಇರುವವರಿಗೂ ತೊಂದರೆ. ಬಳಸುವವರು ಮನುಷ್ಯರೇ ಎಂದು ಪರೀಕ್ಷಿಸುವ ಚಿತ್ರದ ಕ್ಯಾಪ್ಚಾಕ್ಕೆ ದನಿಯ ಪರ್ಯಾಯ ಇಲ್ಲದಿದ್ದರೆ ಉಳಿದೆಲ್ಲ ಸರಿಯಿದ್ದರೂ ನನ್ನ ಪ್ರಯಾಣ ಅಲ್ಲಿಗೇ ಮುಗಿಯಿತು.

ಮಾರ್ಗಫಲಕ:

ಮೂವರಿಗೂ ಧನ್ಯವಾದಗಳು. ಭಾಷೆಯ ಸಂಕೇತವನ್ನು ಈಗಷ್ಟೇ ನೋಡಿದೆ. ‘ಕೇಳುಗ’ ಅವರು ಹೇಳಿದ ತಪ್ಪು ನಮ್ಮಲ್ಲೂ ಇದೆ. ಆಸನಗಳ ನಕ್ಷೆಯಲ್ಲಿ ಬಣ್ಣದ ಜೊತೆಗೆ ‘ಮ’ ಎಂಬ ಅಕ್ಷರವನ್ನೂ ಇಡುತ್ತೇವೆ. ಕರಡು ಸಿದ್ಧವಾದ ಮೇಲೆ ನಿಲ್ದಾಣಕ್ಕೆ ಹೋಗಿ ಐದಾರು ಪ್ರಯಾಣಿಕರ ಕೈಗೆ ಫೋನ್ ಕೊಟ್ಟು ನೋಡಬೇಕೆಂದಿದ್ದೇವೆ. ಯಾವ ಹೊತ್ತು ಒಳ್ಳೆಯದು?

ಅಂಕಣ ಐದು:

ಸಂತೆಯ ದಿನ ಮಧ್ಯಾಹ್ನ ಮೂರರ ಮೇಲೆ ಹೋಗಿ, ವಿಚಾರಣೆ ಕಿಟಕಿಯ ಪಕ್ಕದಲ್ಲೇ ನಿಲ್ಲಿ. ಕಿಟಕಿಗೆ ಬಂದವರು ತಮ್ಮ ಊರಿನ ಹೆಸರನ್ನು ಹೇಗೆ ಹೇಳುತ್ತಾರೋ ಹಾಗೆಯೇ ಬರೆದುಕೊಳ್ಳಿ. ನಿಮ್ಮ ಹುಡುಕಾಟದ ಖಾನೆ ಆ ಪಟ್ಟಿಯನ್ನು ಗುರುತಿಸುತ್ತದೆಯೇ ಎಂಬುದನ್ನು ಮೊದಲು ನೋಡಿ. ಫೋನನ್ನು ಆಮೇಲೆ ಕೊಡಿ. ಅಧಿಕಾರಿಗಳಲ್ಲೊಬ್ಬರನ್ನು ಜೊತೆಗೆ ಕರೆದೊಯ್ದರೆ ಚಿತ್ರಗಳ ತಕರಾರು ಅಲ್ಲೇ ಇತ್ಯರ್ಥವಾಗಬಹುದು.