ಎಲ್ಲಾ ಫೋನ್‌ನಲ್ಲೇ ಸಿಗುವಾಗ ಗ್ರಂಥಾಲಯಗಳ ಒಪ್ಪಂದ ಯಾಕೆ?

ಗಾಳಿಪಟ: ಜಗಳಕ್ಕೆ ಬಂದಿಲ್ಲ, ನಿಜಕ್ಕೂ ಕೇಳುತ್ತಿದ್ದೇನೆ. ಏನು ಬೇಕಾದರೂ ಫೋನ್‌ನಲ್ಲಿ ಸಿಗುತ್ತದೆ. ಹೀಗಿರುವಾಗ ಗ್ರಂಥಾಲಯಗಳು ದೇಶ ದೇಶಗಳ ಒಪ್ಪಂದ, ಸಮ್ಮೇಳನ ಅಂತ ಓಡಾಡುವುದು ಸುಮ್ನೆ ಖರ್ಚು ಅಲ್ವಾ?

ಮಸಿಬೊಟ್ಟು: ಫೋನ್‌ನಲ್ಲಿ ಎಷ್ಟೋ ಸಲ ಸಿಗುವುದು ಪುಸ್ತಕದ ಹೆಸರು ಮಾತ್ರ ಸರ್. ಯಾವುದಾದರೂ ವೈದ್ಯಕೀಯ ಜರ್ನಲ್‌ನ ಲೇಖನ ತೆರೆದು ನೋಡಿ. ಸಾರಾಂಶ ಮುಗಿಯುತ್ತಿದ್ದಂತೆ ದುಡ್ಡು ಕೇಳುತ್ತಾರೆ.

ಗಾಳಿಪಟ: ಕೊಟ್ಟು ಓದಿ. ಬರೆದವರೂ ಬದುಕಬೇಕಲ್ಲ.

ಮಸಿಬೊಟ್ಟು: ಜರ್ನಲ್‌ಗೆ ಬರೆದ ಸಂಶೋಧಕರಿಗೆ ಸಾಮಾನ್ಯವಾಗಿ ಅದರಲ್ಲಿ ಒಂದು ಕಾಸೂ ಬರುವುದಿಲ್ಲ. ಕಾದಂಬರಿಕಾರರ ಲೆಕ್ಕ ಬೇರೆ, ಅದು ಒಪ್ಪುತ್ತೇನೆ.

ಬೆರಳೋದು: ನನಗೆ ಕಣ್ಣು ಕಾಣುವುದಿಲ್ಲ, ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶದಲ್ಲಿ ಓದುತ್ತೇನೆ. ಓದುವ ದಿನಗಳಲ್ಲಿ ಅಂಕಿಅಂಶದ ಪುಸ್ತಕವೊಂದನ್ನು ಅಣ್ಣ ರಾತ್ರಿ ಕೂತು ಸ್ಕ್ಯಾನ್ ಮಾಡಿಕೊಟ್ಟ. ಎರಡು ಕಾಲಂ ಇದ್ದ ಪುಟದಲ್ಲಿ ಎಡಗಡೆಯ ಅರ್ಧ ಸಾಲು, ಬಲಗಡೆಯ ಅರ್ಧ ಸಾಲು ಸೇರಿಸಿ ಓದುತ್ತಿತ್ತು. ಕೋಷ್ಟಕ ಬಂದರೆ ಬರೀ ಅಂಕಿಗಳ ಮಳೆ. ಅದೇ ಪುಸ್ತಕವನ್ನು ಬೇರೆ ದೇಶದ ಗ್ರಂಥಾಲಯವೊಂದು ನೀಟಾಗಿ ತಿದ್ದಿ ಇಟ್ಟುಕೊಂಡಿತ್ತು ಅಂತ ಆಮೇಲೆ ಗೊತ್ತಾಯಿತು. ಕಳಿಸುವ ಹಾಗಿರಲಿಲ್ಲ. ಅನುಮತಿಯಿಲ್ಲದೆ ಇಂಥ ಪ್ರತಿ ಮಾಡಲು ಆ ದೇಶದ ಹಕ್ಕುಸ್ವಾಮ್ಯ ಕಾನೂನು ಕೊಟ್ಟ ವಿನಾಯಿತಿ ಅವರ ಗಡಿಗೇ ಮುಗಿಯುತ್ತಿತ್ತು.

ಗಾಳಿಪಟ: ಈಗಲೂ ಹಾಗೇನಾ?

ಬೆರಳೋದು: ಇಲ್ಲ. 2013ರಲ್ಲಿ ಮರಾಕೇಶ್ ಒಪ್ಪಂದ ಆಯಿತು. 2014ರಲ್ಲಿ ಅದನ್ನು ಮೊದಲು ಅನುಮೋದಿಸಿದ ದೇಶ ಭಾರತ. 20 ದೇಶ ಸೇರಿದ ಮೇಲೆ, 2016ರ ಸೆಪ್ಟೆಂಬರ್ 30ಕ್ಕೆ ಜಾರಿಗೆ ಬಂತು. ಮುದ್ರಿತ ಪುಸ್ತಕ ಓದಲಾಗದವರಿಗಾಗಿ ಬ್ರೈಲ್, ಆಡಿಯೊ ಪ್ರತಿಗಳನ್ನು ಒಪ್ಪಂದಕ್ಕೆ ಸೇರಿದ ದೇಶಗಳ ಗ್ರಂಥಾಲಯಗಳು ಪರಸ್ಪರ ಕಳಿಸಬಹುದು. ಪುಸ್ತಕಕ್ಕೊಂದರಂತೆ ಪ್ರಕಾಶಕರ ಅನುಮತಿಗೆ ಕಾಯಬೇಕಿಲ್ಲ. ನೀವು ಸುಮ್ನೆ ಖರ್ಚು ಅಂದಿರಲ್ಲ, ಅಂಥ ಸಭೆಗಳಲ್ಲೇ ಇದಕ್ಕಾಗಿ ವರ್ಷಗಟ್ಟಲೆ ಜಗ್ಗಾಡಿದ್ದು.

ಹಳೇ ಓದುಗ: ಒಪ್ಪಂದ ಚೆನ್ನಾಗಿದೆ, ಆದರೆ ಅದು ತೇಪೆ. ಪ್ರಕಾಶಕರು ಪುಸ್ತಕ ತರುವಾಗಲೇ ಎಲ್ಲರೂ ಓದುವ ಹಾಗೆ ತಂದರೆ ಮತ್ತೆ ಸ್ಕ್ಯಾನ್ ಯಾಕೆ, ತಿದ್ದುವುದು ಯಾಕೆ?

ಬೆರಳೋದು: ಹೊಸ ಪುಸ್ತಕಕ್ಕೆ ಸರಿ. ಹಳೆಯವನ್ನು ಯಾರು ಮಾಡುತ್ತಾರೆ?

ಮಸಿಬೊಟ್ಟು: ಪ್ರಕಾಶಕರನ್ನೇ ನಂಬಿ ಕೂತರೆ ಏನಾಗುತ್ತದೆ ಅಂತ ಬಾಂಗ್ಲಾದೇಶವನ್ನು ಕೇಳಬೇಕು. ಬಡ ದೇಶಗಳಿಗೆ ವೈದ್ಯಕೀಯ ಜರ್ನಲ್‌ಗಳು ಉಚಿತವಾಗಿ ಅಥವಾ ಕಡಿಮೆ ಬೆಲೆಗೆ ಸಿಗಲೆಂದು ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಹಿನಾರಿ ಅನ್ನುವ ಯೋಜನೆ ಶುರು ಮಾಡಿತು. 2011ರ ಜನವರಿಯಲ್ಲಿ ಕೆಲವು ದೊಡ್ಡ ಪ್ರಕಾಶಕರು ಬಾಂಗ್ಲಾದೇಶಕ್ಕೆ ಸಾವಿರಾರು ಜರ್ನಲ್ ನಿಲ್ಲಿಸಿದರು. ಗಲಾಟೆ ಆದ ಮೇಲೆ ವಾಪಸ್ ಕೊಟ್ಟರು.

ಹಳೇ ಓದುಗ: ಅದು ಅನ್ಯಾಯವೇ. ಆದರೆ ಹಿನಾರಿ ಕೂಡ ನೀವು ಹೊಗಳುವ ಸಹಕಾರವೇ ಅಲ್ವಾ? ಕೊಡುವವರ ಮನಸ್ಸು ಬದಲಾದರೆ ಮುಗಿಯಿತು.

ಮಸಿಬೊಟ್ಟು: ಅದಕ್ಕೇ ಕಾನೂನಿನ ಹಕ್ಕು ಬೇಕು ಅನ್ನುತ್ತಿರುವುದು. ದಾನಕ್ಕೂ ಹಕ್ಕಿಗೂ ವ್ಯತ್ಯಾಸ ಅಷ್ಟೇ.

ಕಪಾಟು: ಗ್ರಂಥಾಲಯದ ಕೌಂಟರಿನಲ್ಲಿ ಕೂರುವವಳು ನಾನು. ಕಾಗದದ ಪುಸ್ತಕ ಕೊಂಡರೆ ಅದು ನಮ್ಮದು. ಬೈಂಡ್ ಹರಿದರೆ ಹೊಲಿಸಿ ಇನ್ನೂ ಹತ್ತು ವರ್ಷ ಕೊಡುತ್ತೇವೆ, ಬೇರೆ ದೇಶದವರು ಕೇಳಿದರೂ ಕಳಿಸಬಹುದು. ಆ ಎರವಲಿಗೆ ಕರೆನ್ಸಿ ಬದಲಾಯಿಸುವ ತಾಪತ್ರಯ ಬೇಡ ಅಂತ ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟ ಇಫ್ಲಾ 1995ರಲ್ಲೇ ದುಡ್ಡಿನ ಬದಲು ಕೊಡುವ ಪ್ಲಾಸ್ಟಿಕ್ ವೋಚರ್ ತಂದಿತ್ತು. ಇ-ಪುಸ್ತಕ ಸಾಮಾನ್ಯವಾಗಿ ನಮ್ಮದಾಗುವುದೇ ಇಲ್ಲ, ಬಾಡಿಗೆ ಲೆಕ್ಕ. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಅನ್ನುವ ಪ್ರಕಾಶನ ಸಂಸ್ಥೆ ಒಂದು ಇ-ಪುಸ್ತಕವನ್ನು 26 ಸಲ ಎರವಲು ಕೊಟ್ಟ ಮೇಲೆ ಮತ್ತೆ ಕೊಳ್ಳಬೇಕು ಅಂದಿತು. ಫೈಲ್ ಸವೆಯುತ್ತದಾ, ಹೇಳಿ!

ಗಾಳಿಪಟ: ಇದು ಗೊತ್ತಿರಲಿಲ್ಲ ಮೇಡಂ. ಸಮ್ಮೇಳನಗಳ ಬಗ್ಗೆ ನನ್ನ ಅನುಮಾನ ಪೂರ್ತಿ ಹೋಗಿಲ್ಲ. ಆದರೆ ಎಲ್ಲಾ ಫೋನ್‌ನಲ್ಲೇ ಸಿಗುತ್ತದೆ ಅಂದದ್ದನ್ನು ವಾಪಸ್ ತಗೊಂಡೆ. ಬೆರಳೋದು ಅವರೇ, ಆ ಪುಸ್ತಕ ಕೊನೆಗೆ ಸಿಕ್ಕಿತಾ?

ಬೆರಳೋದು: ಸಿಕ್ಕಿತು. ಪರೀಕ್ಷೆ ಮುಗಿದು ನಾಲ್ಕು ವರ್ಷ ಆದ ಮೇಲೆ.